ಎಂಟೂವರೆಯ ವಸ್ತಿ ಬಸ್ಸು

ಧಾರವಾಡದ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಹಗಲೆಲ್ಲ ಓಡಾಡುವ ಬಸ್ಸುಗಳಿಗೂ ರಾತ್ರಿ ಎಂಟರ ಮೇಲೆ ಬಂದು ನಿಲ್ಲುವ ಬಸ್ಸುಗಳಿಗೂ ಮೇಲ್ನೋಟಕ್ಕೆ ಏನೂ ಫರಕಿಲ್ಲ. ಫರಕು ಇರುವುದು ಹತ್ತುವವರ ನಡಿಗೆಯಲ್ಲಿ. ಹಗಲಿನ ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ರಾತ್ರಿಯದು ತಪ್ಪಿದರೆ ಬೆಳಗಾಗುವ ತನಕ ಊರಿಗೆ ದಾರಿಯಿಲ್ಲ. ಕತ್ತಲಾದ ಮೇಲೆ ಹೊರಟು ಹಳ್ಳಿ ಮುಟ್ಟಿ, ಡ್ರೈವರು ಕಂಡಕ್ಟರು ಅಲ್ಲೇ ಮಲಗಿ, ನಸುಕಿನಲ್ಲಿ ಅದೇ ಊರಿನ ಮಂದಿಯನ್ನು ಹತ್ತಿಸಿಕೊಂಡು ಶಹರಕ್ಕೆ ಮರಳುವ ಬಸ್ಸಿಗೆ ಈ ಕಡೆ ವಸ್ತಿ ಬಸ್ಸು ಅನ್ನುತ್ತಾರೆ. ಮೈಸೂರು ಸೀಮೆಯಲ್ಲಿ ನೈಟ್ ಹಾಲ್ಟ್ ಗಾಡಿ. ಅದರಲ್ಲಿ ಹೋಗುವವರಲ್ಲಿ ಓದುವ ಮಕ್ಕಳೇ ಹೆಚ್ಚು ಎಂದು ಕೇಳಿದ್ದೆ. ಒಂದು ರಾತ್ರಿ ಅವರೊಡನೆ ಹೋಗಿ, ಬೆಳಿಗ್ಗೆ ಅವರೊಡನೆಯೇ ಮರಳಬೇಕೆಂದು ಹೊರಟೆ. ಎಳ್ಳಮಾವಾಸ್ಯೆ ಮುಗಿದ ವಾರ, ಮೈ ನಡುಗಿಸುವ ಚಳಿ.

ಹುಬ್ಬಳ್ಳಿಯಿಂದ ಧಾರವಾಡದ ತನಕ ಬಂದದ್ದು ಚಿಗರಿಯಲ್ಲಿ. ಅವಳಿ ನಗರದ ವಿದ್ಯಾರ್ಥಿಗಳ ಬದುಕನ್ನು ಈ ಬಸ್ಸು ಎಷ್ಟು ಬದಲಿಸಿದೆ ಎಂದು ತಿಳಿಯಲು ಸಂಜೆ ಏಳರ ಸುಮಾರಿಗೆ ಒಮ್ಮೆ ಹತ್ತಿದರೆ ಸಾಕು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ, 2020ರ ಫೆಬ್ರವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ ಉದ್ಘಾಟನೆಗೊಂಡ ಈ ಬಿಆರ್‌ಟಿಎಸ್ ಮಾರ್ಗ ಸುಮಾರು 22 ಕಿಲೋಮೀಟರ್ ಉದ್ದವಿದೆ. ರಸ್ತೆಯ ನಟ್ಟನಡುವೆ ಬಸ್ಸಿಗೇ ಮೀಸಲಾದ ದಾರಿ, ಬೆಳಕು ಚೆಲ್ಲಿದ ನಿಲ್ದಾಣ. ಕಿಮ್ಸ್, ವಿದ್ಯಾನಗರದ ಬಿವಿಬಿ, ನವನಗರದ ಕಾನೂನು ವಿಶ್ವವಿದ್ಯಾಲಯ, ಸತ್ತೂರಿನ ಎಸ್‌ಡಿಎಂ, ವಿದ್ಯಾಗಿರಿಯ ಜೆಎಸ್‌ಎಸ್ ಎಲ್ಲವೂ ಇದೇ ದಾರಿಗುಂಟ ಸಿಗುತ್ತವೆ. ನವನಗರದಲ್ಲಿ ಹತ್ತಿದ ನಾಲ್ಕು ಹುಡುಗಿಯರು ಕಂಬಿ ಹಿಡಿದು ನಿಂತೇ ಯಾವುದೋ ಕೇಸಿನ ಬಗ್ಗೆ ಜೋರು ವಾದ ನಡೆಸಿದ್ದರು. ಒಬ್ಬಳಾದರೂ ಗಡಿಯಾರ ನೋಡಲಿಲ್ಲ. ಇದು ಹೋದರೆ ಹಿಂದೆಯೇ ಮತ್ತೊಂದಿದೆ ಎಂಬ ನಂಬಿಕೆ ಮೂಡಿದಾಗ ಸಂಜೆ ಎಷ್ಟು ಹಗುರಾಗುತ್ತದೆ ಎಂಬುದು ಅವರ ನಿಲುವಿನಲ್ಲೇ ಇತ್ತು.

ಜುಬಿಲಿ ಸರ್ಕಲ್‌ನಲ್ಲಿ ಇಳಿದು ಹಳೇ ಬಸ್‌ಸ್ಟ್ಯಾಂಡಿಗೆ ನಡೆದು ಬಂದರೆ ಅಲ್ಲಿ ಎಲ್ಲರೂ ಗಡಿಯಾರ ನೋಡುವವರೇ.

ಸವದತ್ತಿ ರಸ್ತೆಯ ಕಡೆ ಹೋಗುವ ಬಸ್ಸು ಎಂಟೂಕಾಲಕ್ಕೆ ಬಂದು ನಿಂತಿತು. ನಾನು ಇಳಿಯಬೇಕಾದ ಹಳ್ಳಿ ಆ ರಸ್ತೆಯಿಂದ ಒಳಗೆ, ಎರೆಹೊಲಗಳ ನಡುವೆ. ಮೊದಲು ಹತ್ತಿದವರು ಸಪ್ತಾಪುರದಿಂದ ಬಂದ ಹುಡುಗರು, ಬೆನ್ನಿಗೆ ಚೀಲ, ಕೈಯಲ್ಲಿ ಪ್ರಚಲಿತ ವಿದ್ಯಮಾನಗಳ ಮಾಸಪತ್ರಿಕೆ. ಬೀದರಿನಿಂದ ಚಾಮರಾಜನಗರದ ತನಕ ನೌಕರಿಯ ಪರೀಕ್ಷೆಗೆಂದು ಓದುವವರು ಧಾರವಾಡಕ್ಕೆ ಬಂದು ಸಪ್ತಾಪುರದಲ್ಲಿ ರೂಮು ಹಿಡಿಯುತ್ತಾರೆ. ಆದರೆ ಹತ್ತಿರದ ಹಳ್ಳಿಗಳ ಮಕ್ಕಳಿಗೆ ರೂಮಿನ ಬಾಡಿಗೆ, ಮೆಸ್ಸಿನ ಖರ್ಚು ಎರಡೂ ಭಾರ. ಹಗಲು ಕಾಲೇಜು, ಸಂಜೆ ರೀಡಿಂಗ್ ರೂಮು, ರಾತ್ರಿ ಊರು. ಸುಭಾಸ ರೋಡಿನ ಬಟ್ಟೆ ಅಂಗಡಿಯಲ್ಲಿ ಸಂಜೆ ಕೆಲಸ ಮಾಡುವ ಬಿಕಾಂ ಹುಡುಗನೊಬ್ಬ ಅಂಗಿಗೆ ಅಂಟಿದ ದಾರದ ಎಳೆ ಕೀಳುತ್ತ ಬಂದು ಕೂತ. ಅವನ ಹಿಂದೆ ಕಂಪ್ಯೂಟರ್ ಕ್ಲಾಸು ಮುಗಿಸಿದ ಇಬ್ಬರು ಅಕ್ಕತಂಗಿಯರು. ಆಮೇಲೆ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕವನ್ನು ಎದೆಗೆ ಅವಚಿಕೊಂಡ ಬಿಎಸ್ಸಿಯ ಹುಡುಗಿ.

ಎಂಟೂವರೆ ಆಯಿತು. ಕಂಟ್ರೋಲರು ಸೀಟಿ ಊದಿದರು. ಬಸ್ಸು ಅಲುಗಲಿಲ್ಲ.

"ಇನ್ನ ಯಾರರ ಬರೋರು ಅದಾರೇನವಾ?" ಕಂಡಕ್ಟರು ಬಿಎಸ್ಸಿ ಹುಡುಗಿಯನ್ನು ಕೇಳಿದರು.

"ಒಬ್ಬಾಕಿ ಬರಬೇಕ್ರೀ ಕಾಕಾ. ನಾಟಕದ ತಾಲೀಮು ಈಗ ಬಿಟ್ಟೈತಂತ. ಓಡಿ ಬರಾಕತ್ತಾಳ."

"ಓಡಬ್ಯಾಡ, ರಸ್ತೆ ನೋಡಿ ದಾಟು ಅಂತ ಹೇಳು ಆಕಿಗೆ."

ಕಂಟ್ರೋಲರು ಎರಡನೇ ಸಲ ಸೀಟಿ ಊದಿ ಹತ್ತಿರ ಬಂದರು. ಕಂಡಕ್ಟರು ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಕೈಗಡಿಯಾರ ನೋಡಿಕೊಂಡು, ಚಹಾದಂಗಡಿಯ ಕಡೆ ಮುಖ ಮಾಡಿ ನಿಂತರು. ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ತಯಾರಾಗುತ್ತಿದ್ದ ಆ ಹುಡುಗಿ ಓಡುತ್ತಲೇ ಬಂದು ಹತ್ತಿದಳು. ತಾಲೀಮಿಗೆ ಕಟ್ಟಿದ ಗೆಜ್ಜೆಗಳನ್ನು ಬಿಚ್ಚಿ ದುಪಟ್ಟದ ಸೆರಗಿಗೆ ಗಂಟು ಕಟ್ಟಿಕೊಂಡಿದ್ದಳು. ಬಸ್ಸು ಹೊರಟಾಗ ಎಂಟು ಮೂವತ್ತನಾಲ್ಕು.

ವೇಳೆಗೆ ಸರಿಯಾಗಿ ಬಿಡಬೇಕೆಂಬುದು ನಿಯಮ, ಅದು ಒಳ್ಳೆಯ ನಿಯಮವೇ. ಆದರೆ ಕೊನೆಯ ಬಸ್ಸಿಗೆ ಬೇರೆಯ ನಿಯಮ ಬೇಕು ಎಂದು ನನಗೆ ಅಲ್ಲಿಯೇ ಅನಿಸಿತು. ಆ ನಾಲ್ಕು ನಿಮಿಷ ಕಂಡಕ್ಟರರ ಒಳ್ಳೆಯತನದಿಂದ ಸಿಕ್ಕಿತು. ನಾಳೆ ಬೇರೆಯವರ ಡ್ಯೂಟಿ ಬಿದ್ದರೆ ಸಿಗದೆ ಹೋಗಬಹುದು. ಒಬ್ಬ ವಿದ್ಯಾರ್ಥಿನಿ ನಾಟಕದಲ್ಲಿ ಪಾತ್ರ ಮಾಡಬಹುದೋ ಇಲ್ಲವೋ ಎಂಬುದು ಒಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು.

ಊರು ದಾಟುವ ಮೊದಲೇ ಮುರುಘಾಮಠ ಸಿಗುತ್ತದೆ. ಈ ರಸ್ತೆಯಲ್ಲಿ ಬಸ್ಸು ಓಡುವುದಕ್ಕೆ ಮುಂಚಿನ ಕಾಲದ ಹಳ್ಳಿ ಹುಡುಗರು ಹೇಗೆ ಓದಿದರು ಎಂಬುದಕ್ಕೆ ಮಠದ ಪ್ರಸಾದ ನಿಲಯವೇ ಉತ್ತರ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. 1949ರಲ್ಲಿ ಮುಂಬಯಿಯಲ್ಲಿ ಆರಂಭವಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಇಲ್ಲಿಗೆ ಬಂತು. ಕಾಲೇಜಿದ್ದರೂ ದಿನಾಲು ಊರಿಂದ ಬಂದು ಹೋಗುವ ಮಾತೇ ಇರಲಿಲ್ಲ. ಮಠದಲ್ಲಿ ಉಂಡವರು ಉಂಡರು, ಪರಿಚಯವಿದ್ದವರು ದಿನಕ್ಕೊಂದು ಮನೆಯಂತೆ ವಾರಾನ್ನ ಹಚ್ಚಿಕೊಂಡರು. ಎಷ್ಟೋ ದೊಡ್ಡ ವಕೀಲರು, ಅಧ್ಯಾಪಕರು, ಅಧಿಕಾರಿಗಳು ಹಾಗೆ ಬೆಳೆದರು. ಆ ಅನ್ನದ ಋಣ ದೊಡ್ಡದು. ಆದರೆ ಮಠದ ಪಂಕ್ತಿಗೂ ವಾರಾನ್ನದ ಮನೆಗೂ ಬಂದವರು ಹುಡುಗರು. ಮಗಳನ್ನು ಶಹರದಲ್ಲಿ ಬಿಟ್ಟು ಬರಲು ಒಪ್ಪದ ಮನೆಗಳ ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಸಂಜೆ ಮನೆಗೆ ಮರಳಿ ತರುವ ಬಸ್ಸು ಬಂದ ಮೇಲೆ.

ಅಮ್ಮಿನಭಾವಿಯ ಕಡೆ ತಿರುಗುತ್ತಿದ್ದಂತೆ ಡ್ರೈವರು ಒಳಗಿನ ಮುಂದಿನ ದೀಪ ಆರಿಸಿದರು. ಬೀದಿದೀಪ ಮುಗಿದ ಮೇಲೆ ಒಳಗಿನ ಬೆಳಕು ಮುಂದಿನ ಗಾಜಿಗೆ ಬಡಿದು ರಸ್ತೆ ಕಾಣುವುದಿಲ್ಲ. ಹಿಂದಿನ ದೀಪ ಮಾತ್ರ ಉರಿಯುತ್ತಿರುತ್ತದೆ. ಹೆಣ್ಣುಮಕ್ಕಳಿಗೆ ಮೀಸಲಾದ ಸೀಟುಗಳಿರುವುದು ಮುಂದೆ, ಕತ್ತಲಾಗುವ ಭಾಗದಲ್ಲಿ. ಹೀಗಾಗಿ ಈ ಬಸ್ಸಿನಲ್ಲಿ ತಾನಾಗಿಯೇ ಒಂದು ಪದ್ಧತಿ ಬೆಳೆದಿದೆ. ಓದುವ ಹುಡುಗಿಯರು ಹಿಂದೆ ಹೋಗುತ್ತಾರೆ, ಹಿಂದೆ ಕೂತ ಹುಡುಗರು ಎದ್ದು ಮುಂದೆ ಬರುತ್ತಾರೆ. ಯಾರೂ ಯಾರಿಗೂ ಹೇಳಲಿಲ್ಲ. ಅಮ್ಮಿನಭಾವಿ ಬರುವುದರೊಳಗೆ ಅದಲುಬದಲು ಮುಗಿದಿತ್ತು. ಬಿಎಸ್ಸಿಯ ಹುಡುಗಿ ರೆಕಾರ್ಡ್ ಪುಸ್ತಕವನ್ನು ಮುಂದಿನ ಸೀಟಿನ ಬೆನ್ನಿಗೆ ಆನಿಸಿ, ಪೆನ್ಸಿಲ್ಲಿನಿಂದ ಬ್ಯುರೆಟ್ಟಿನ ಚಿತ್ರ ತೆಗೆಯಲು ನೋಡಿದಳು. ರಸ್ತೆ ಕುಲುಕಿತು. ಚಿತ್ರ ಬಿಟ್ಟು ಬರೆದದ್ದನ್ನು ಓದಿಕೊಂಡಳು.

ನಾನು ಅವಳ ಪಕ್ಕದಲ್ಲೇ ಇದ್ದೆ. ಮಾತಿಗೆ ಮಾತು ಬೆಳೆಯಿತು. ಮೊದಲು ಅವಳ ಊರಿನ ಕೊನೆಯ ಬಸ್ಸು ಆರೂವರೆಗೇ ಇತ್ತಂತೆ. ಪ್ರಾಕ್ಟಿಕಲ್ ಮುಗಿಯುವುದೇ ಐದೂವರೆಗೆ. ರೀಡಿಂಗು ತಪ್ಪಿ ಬಂದರೆ ಮತ್ತೆ ಮಾಡಿ ನೋಡಲು ಹೊತ್ತಿಲ್ಲ, ಗ್ರಂಥಾಲಯಕ್ಕೆ ಹೋಗಲು ಹೊತ್ತಿಲ್ಲ. ಅವಳಿಗಿಂತ ಮುಂಚೆ ಊರಿನಿಂದ ಬಂದ ಹುಡುಗಿಯರು ಬಿಎ ತಗೊಂಡರು.

"ಅವರಿಗೆ ಸೈನ್ಸ್ ಇಷ್ಟ ಇರಲಿಲ್ಲ ಅಂತಲ್ಲರೀ. ಬಿಎ ಕ್ಲಾಸು ಎರಡಕ್ಕ ಮುಗೀತಾವ. ಬಸ್ಸಿಗೆ ಹೊಂದತಿತ್ತು."

ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದವರೂ ಅವರಲ್ಲಿದ್ದರು ಎಂದಳು. ಇದು ಒಂದು ಊರಿನ ಕಥೆಯಷ್ಟೇ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಓಡಾಡುವ ದಾರಿಗಳನ್ನು ಅರ್ಥಶಾಸ್ತ್ರಜ್ಞೆ ಗಿರಿಜಾ ಬೋರ್ಕರ್ ನಕಾಶೆಯ ಮೇಲಿಟ್ಟು ಅಧ್ಯಯನ ಮಾಡಿದ್ದಾರೆ. ದಾರಿ ಸುರಕ್ಷಿತವಾಗಿರಲಿ ಎಂಬ ಒಂದೇ ಕಾರಣಕ್ಕೆ ಹುಡುಗಿಯರು ತಮ್ಮ ಅಂಕಕ್ಕೆ ಸಿಗುತ್ತಿದ್ದ ಒಳ್ಳೆಯ ಕಾಲೇಜು ಬಿಟ್ಟು, ಅದಕ್ಕಿಂತ ಬಹಳ ಕೆಳಗಿನದನ್ನು ಆರಿಸಿಕೊಳ್ಳುತ್ತಾರೆ, ಹುಡುಗರು ಅಷ್ಟು ಬಿಟ್ಟುಕೊಡುವುದಿಲ್ಲ ಎಂದು ಅದರಲ್ಲಿ ಕಂಡುಬಂತು. ಮೆಟ್ರೊ, ಬಸ್ಸು ಎಲ್ಲ ಇರುವ ದೆಹಲಿಯಲ್ಲೇ ಹೀಗೆ. ಅದೇ ದೆಹಲಿಯಲ್ಲಿ 2012ರ ಡಿಸೆಂಬರ್ 16ರ ರಾತ್ರಿ ಫಿಸಿಯೋಥೆರಪಿ ಓದುತ್ತಿದ್ದ ಯುವತಿ ಗೆಳೆಯನ ಜೊತೆ ಮನೆಗೆ ಹೊರಟು ಖಾಸಗಿ ಬಸ್ಸೊಂದನ್ನು ಹತ್ತಿದಳು. ಆಗ ಗಂಟೆ ಒಂಬತ್ತೂವರೆಯ ಆಸುಪಾಸು. ಆ ಹೊತ್ತಿಗೆ ನಂಬಬಹುದಾದ ಸರ್ಕಾರಿ ಬಸ್ಸೊಂದು ಅವರೆದುರು ಬಂದು ನಿಂತಿದ್ದರೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಹಳ್ಳಿಯ ತಂದೆತಾಯಿಗಳೂ ಯೋಚಿಸುತ್ತಾರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸಿನ ಹುಡುಗಿಯರು ಟಿಕೆಟ್ಟಿಗೆ ದುಡ್ಡು ಕೊಡುವುದಿಲ್ಲ. ಕಂಡಕ್ಟರು ಮಷಿನ್ನಿನಿಂದ ಶೂನ್ಯ ದರದ ಚೀಟಿ ಹರಿದು ಕೊಡುತ್ತಾರೆ. ಹುಡುಗರದು ಪಾಸು. ಸಾರಿಗೆ ಸಂಸ್ಥೆಗಳ ವಿದ್ಯಾರ್ಥಿ ಪಾಸಿನ ಪಟ್ಟಿಯಲ್ಲಿ ಸಂಜೆ ಕಾಲೇಜು ಮತ್ತು ಪಿಎಚ್‌ಡಿಗೆಂದೇ ಬೇರೆ ದರವಿದೆ. ಓದು ಕತ್ತಲಾದ ಮೇಲೂ ನಡೆಯುತ್ತದೆ ಎಂಬುದನ್ನು ಪಾಸು ಒಪ್ಪಿಕೊಂಡಿದೆ. ವೇಳಾಪಟ್ಟಿಯೂ ಒಪ್ಪಿಕೊಳ್ಳಬೇಕು. ಶಕ್ತಿ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆಯಲ್ಲಿ ದುಡ್ಡು ಕೇಳುವ ಮುಜುಗರವಿಲ್ಲದೆ ಹೊಸಿಲು ದಾಟುವುದು ಸಣ್ಣ ಸ್ವಾತಂತ್ರ್ಯವಲ್ಲ. ಆದರೆ ಆರೂವರೆಗೆ ಬಸ್ಸು ನಿಂತುಹೋಗುವ ಊರಿನಲ್ಲಿ ಉಚಿತ ಟಿಕೆಟ್ಟೂ ಆರೂವರೆಗೇ ಮುಗಿದುಹೋಗುತ್ತದೆ.

ದಾರಿಯ ಮಧ್ಯೆ ಒಂದು ಕ್ರಾಸಿನಲ್ಲಿ ಬಸ್ಸು ನಿಂತಿತು. ಸುತ್ತ ಕಡಲೆ ಹೊಲ, ಒಂದೇ ಒಂದು ದೀಪವಿಲ್ಲ. ಕಂಪ್ಯೂಟರ್ ಕ್ಲಾಸಿನ ಅಕ್ಕತಂಗಿಯರು ಇಳಿಯಬೇಕು. ಅವರ ಊರು ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ. ಕರೆದೊಯ್ಯಲು ಬರಬೇಕಿದ್ದ ಅಪ್ಪ ಇನ್ನೂ ಬಂದಿರಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನಿಂತು, "ಇಳೀಬ್ಯಾಡ್ರಿ, ಗಾಡಿ ಕಾಣಲಿ" ಎಂದರು. ಡ್ರೈವರು ಎಂಜಿನ್ ಆರಿಸಿದರು. ಆಮೇಲೆ ದೂರದಲ್ಲಿ ಬೈಕಿನ ಬೆಳಕು ಹೊಲಗಳ ನಡುವೆ ಏರಿಳಿಯುತ್ತ ಬಂತು. ಅಪ್ಪ ಹತ್ತಿರ ಬಂದು, "ಪಂಚರ್ ಆಗಿತ್ರೀ" ಎಂದು ಡ್ರೈವರ ಕಡೆ ಕೈಮುಗಿದರು. ಬಸ್ಸಿನಲ್ಲಿ ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲ, ಎಲ್ಲರ ಮನೆಯಲ್ಲೂ ಒಬ್ಬರು ಹೀಗೆ ಕಾಯುವವರಿದ್ದಾರೆ.

ಮಳೆಗಾಲದಲ್ಲಿ ಈ ದಾರಿಯ ಕಥೆಯೇ ಬೇರೆ. ತುಪ್ಪರಿಹಳ್ಳ ಉಕ್ಕಿತೆಂದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. 2019ರ ಮಹಾಮಳೆಯಲ್ಲಿ ಹಾರೋಬೆಳವಡಿಯ ಸೇತುವೆ ಕುಸಿದಾಗ ಸವದತ್ತಿ ರಸ್ತೆಯೇ ಕಡಿದುಹೋಗಿತ್ತು.

ಹಳ್ಳಿ ಮುಟ್ಟಿದಾಗ ಗಂಟೆ ಒಂಬತ್ತೂಮುಕ್ಕಾಲು. ಬಸ್ಸು ಹನುಮಪ್ಪನ ಗುಡಿಯ ಮುಂದೆ ಸುತ್ತು ಹೊಡೆದು, ಬೆಳಗಿನ ದಾರಿಗೆ ಮುಖ ಮಾಡಿ ನಿಂತಿತು. ನಾನು ಉಳಿದದ್ದು ನಿವೃತ್ತ ಶಾಲಾ ಮಾಸ್ತರರೊಬ್ಬರ ಮನೆಯಲ್ಲಿ. ಬಿಸಿ ಜೋಳದ ರೊಟ್ಟಿ, ಕಡಲೆ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ, ಕೆನೆ ಮೊಸರು. ಮನೆಯ ಯಜಮಾನತಿ ಇನ್ನೆರಡು ತಾಟು ಮುಚ್ಚಿಟ್ಟು ಮೊಮ್ಮಗನ ಕೈಯಲ್ಲಿ ಗುಡಿಯ ಕಡೆ ಕಳಿಸಿದರು. ಡ್ರೈವರು ಕಂಡಕ್ಟರರ ಊಟ ಸರದಿಯ ಮೇಲೆ ಊರಿನ ಮನೆಗಳಿಂದ ಹೋಗುತ್ತದೆ. ಯಾರೂ ಬರೆದಿಟ್ಟ ಪಟ್ಟಿಯಿಲ್ಲ.

ಊಟ ಮುಗಿಸಿ ನಾನೂ ಗುಡಿಯ ಕಟ್ಟೆಗೆ ಹೋದೆ. ಡ್ರೈವರು ಆಗಲೇ ಬಸ್ಸಿನ ಹಿಂದಿನ ಉದ್ದ ಸೀಟಿನ ಮೇಲೆ ಕೌದಿ ಹೊದ್ದು ಮಲಗಿದ್ದರು. ಕಂಡಕ್ಟರು ಬ್ಯಾಟರಿ ಬೆಳಕಿನಲ್ಲಿ ಚಿಲ್ಲರೆ ಎಣಿಸಿ ವೇಬಿಲ್ ತುಂಬುತ್ತಿದ್ದರು. ರೊಕ್ಕದ ಚೀಲ ತಲೆದಿಂಬಿನ ಕೆಳಗೆ. ಈ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿದೆ. ಸೊಳ್ಳೆ, ಚಳಿ ಎನ್ನುತ್ತಾರೆಂದುಕೊಂಡಿದ್ದೆ.

"ನಿದ್ದಿ ಏನ್ರೀ, ಎಲ್ಲಿ ಬೇಕಾದರೂ ಬರತೈತಿ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲಿ ಹೋಗಬೇಕು ಅನ್ನೂದ ಚಿಂತಿ. ಹೊಲಕ್ಕ ಹೋಗಬೇಕು. ಮಳಿಗಾಲದಾಗ ಅದೂ ಕಷ್ಟ. ಹೆಣ್ಣುಮಕ್ಕಳು ಕಂಡಕ್ಟರ್ ಆಗ್ಯಾರಲ್ಲ, ಅವರಿಗೆ ಈ ಡ್ಯೂಟಿ ಹ್ಯಾಂಗ ಹಾಕತಾರ ಹೇಳ್ರಿ?"

ಒಂದು ಕೋಣೆ, ಒಂದು ಶೌಚಾಲಯ, ಒಂದು ನಳ. ವಸ್ತಿ ಬಸ್ಸು ಬೇಕೆಂದು ಕೇಳುವ ಪ್ರತಿ ಗ್ರಾಮ ಪಂಚಾಯಿತಿ ಮೊದಲು ಇಷ್ಟನ್ನು ಕಟ್ಟಿಸಿ ಕೊಡಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳನ್ನು ಕತ್ತಲಲ್ಲಿ ಜೋಪಾನವಾಗಿ ಮನೆ ಮುಟ್ಟಿಸಿದವರು ಮನುಷ್ಯರ ಹಾಗೆ ಮಲಗಿ ಏಳುವಂತಾಗಬೇಕು. ಇಂಥ ಬಸ್ಸು ಸಂಸ್ಥೆಗೆ ನಷ್ಟವೇ ಎಂದೂ ಕೇಳಿದೆ. ಅವರು ಲೆಕ್ಕ ಬಿಡಿಸಿ ಹೇಳಿದರು. ರಾತ್ರಿ ಹಳ್ಳಿಗೆ ಬಿಟ್ಟು ಬಸ್ಸು ಖಾಲಿ ಮರಳಿದರೆ ಡೀಸೆಲ್ ದಂಡ. ಬೆಳಿಗ್ಗೆ ಮತ್ತೆ ಖಾಲಿ ಬಂದು ಜನರನ್ನು ಒಯ್ದರೆ ಇನ್ನೊಂದು ದಂಡ. ಊರಲ್ಲೇ ನಿಂತರೆ ಎರಡೂ ಉಳಿಯುತ್ತವೆ, ಬೆಳಗಿನ ಟ್ರಿಪ್ಪು ಮೊದಲ ನಿಲ್ದಾಣದಿಂದಲೇ ತುಂಬಿಕೊಂಡು ಹೊರಡುತ್ತದೆ. ರಾತ್ರಿಯ ಬಸ್ಸಿನ ಗಳಿಕೆಯನ್ನು ಬೆಳಗಿನ ಬಸ್ಸಿನಿಂದ ಬೇರೆ ಮಾಡಿ ನೋಡಿದರೆ ನಷ್ಟ ಕಾಣುತ್ತದೆ. ಆದರೆ ರಾತ್ರಿ ಬಂದವರೇ ಬೆಳಿಗ್ಗೆ ಹೋಗುವವರು. ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಮಾಸ್ತರರು ಮಲಗುವ ಮುಂಚೆ ಇನ್ನೊಂದು ಮಾತು ಹೇಳಿದರು. ವಸ್ತಿ ಬಸ್ಸು ಬಂದ ಮೇಲೆ ಊರಲ್ಲಿ ಹೆಣ್ಣು ನೋಡಲು ಬರುವವರು ಎರಡು ವರ್ಷ ತಡವಾಗಿ ಬರುತ್ತಿದ್ದಾರಂತೆ. "ಓದು ಮುಗೀಲಿ ಅಂತಾರ ಈಗ. ಮುಂಚೆ ಓದು ಮುಗದ ಹೋಗಿರತಿತ್ತು, ಹತ್ತನೇತ್ತಾಕ."

ಬೆಳಿಗ್ಗೆ ಆರಕ್ಕೆ ಹಾರ್ನ್ ಕೇಳಿತು. ಹಾಲಿನ ಕ್ಯಾನು, ಮೆಂತ್ಯ ಸೊಪ್ಪಿನ ಗಂಟು, ಕಟ್ಟಡದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ತಲೆಗೆ ಎಣ್ಣೆ ಹಚ್ಚಿ ಬಾಚಿದ ವಿದ್ಯಾರ್ಥಿಗಳು. ರಾತ್ರಿ ಅರ್ಧ ಖಾಲಿಯಿದ್ದ ಬಸ್ಸು ಈಗ ನಿಲ್ಲಲೂ ಜಾಗವಿಲ್ಲದಂತೆ ತುಂಬಿತು. ಬಿಎಸ್ಸಿಯ ಹುಡುಗಿ ಬ್ಯುರೆಟ್ಟಿನ ಚಿತ್ರ ಮುಗಿಸಿಕೊಂಡು ಬಂದಿದ್ದಳು. ಅವಳ ಕೈಯಲ್ಲಿ ಇನ್ನೊಂದು ಹಾಳೆಯೂ ಇತ್ತು, ವಿದ್ಯಾರ್ಥಿಗಳ ಮನವಿ. ಎಂಟೂವರೆಯ ಬಸ್ಸನ್ನು ಒಂಬತ್ತೂಕಾಲಕ್ಕೆ ಬಿಡಬೇಕು, ಪರೀಕ್ಷೆಯ ತಿಂಗಳುಗಳಲ್ಲಿ ಅದರ ಹಿಂದೆ ಇನ್ನೊಂದನ್ನು ಓಡಿಸಬೇಕು. ಹಾಳೆ ಸೀಟಿನಿಂದ ಸೀಟಿಗೆ ಹೋಯಿತು. ಹಾಲಿನವರು ಸಹಿ ಮಾಡಿದರು. ಗಾರೆ ಕೆಲಸದ ಒಬ್ಬ ತಾಯಿ ಮಗಳ ಹೆಸರು ಬರೆಸಿ, ಕೆಳಗೆ ತಾನು ಹೆಬ್ಬೆಟ್ಟು ಒತ್ತುತ್ತೇನೆಂದು ಪೆನ್ನಿನ ಮಸಿ ಬೆರಳಿಗೆ ಬಳಿದುಕೊಂಡರು.

ಹಾಳೆ ಕೊನೆಗೆ ಕಂಡಕ್ಟರರ ಕೈಗೆ ಬಂತು. ತಾನು ನೌಕರ, ಸಹಿ ಹಾಕಲು ಬರುವುದಿಲ್ಲ ಎಂದರು. ಆದರೆ ಹಾಳೆ ಮರಳಿಸಲಿಲ್ಲ. ಪೂರ್ತಿ ಓದಿದರು.

"ಹೆಸರು, ಸಹಿ ಇಷ್ಟ ಆದರ ಸಾಲೂದಿಲ್ಲವಾ. ಎಷ್ಟು ಮಂದಿ ಅಂತ ಮೊದಲು ಕೇಳತಾರ. ಹುಡುಗರದು ಪಾಸಿನ ನಂಬರ್ ಬರಸು, ಹುಡುಗ್ಯಾರದು ಕಾಲೇಜಿನ ಐಡಿ ನಂಬರ್. ಯಾರು ಎಷ್ಟಕ್ಕ ಕ್ಲಾಸು ಬಿಡತೈತಿ, ಅದನ್ನೂ ಹಾಕು. ಪ್ರಿನ್ಸಿಪಾಲರ ಪತ್ರ ಒಂದು ತಗೋ. ಪಂಚಾಯ್ತಿ ಅಧ್ಯಕ್ಷರದು ಒಂದು, ಕೋಲಿ ಕೊಡತೀವಿ ಅಂತ ಬರಕೊಡಲಿ. ಎಲ್ಲಾ ಕೂಡಿಸಿ ಡಿಪೋದಾಗ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಂಡ ಬರ್ರಿ."

ಅವಳು ರೆಕಾರ್ಡ್ ಪುಸ್ತಕದ ರಟ್ಟನ್ನೇ ಹಲಗೆ ಮಾಡಿಕೊಂಡು, ಸಹಿಗಳ ಎದುರು ಹೊಸ ಗೆರೆ ಎಳೆದು, ಮೊದಲ ಸೀಟಿನಿಂದ ನಂಬರು ಕೇಳುತ್ತ ಹೊರಟಳು. ಗೆಜ್ಜೆಯ ಹುಡುಗಿ ಅವಳ ಹಿಂದೆ ನಿಂತು ಕ್ಲಾಸು ಬಿಡುವ ವೇಳೆಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಿದ್ದಳು. ತನ್ನ ಹೆಸರಿನ ಮುಂದೆ ನಾಟಕದ ತಾಲೀಮು, ಎಂಟೂಮುಕ್ಕಾಲು ಎಂದು ಬರೆಸಿದಳು.